ಊದಿಕೊಂಡ ಬಿಲ್ಲೆ

ಅಣು ರಿಯಾಕ್ಟರಿನ ವಿಕಿರಣಕ್ಕೆ ಒಂದು ವರ್ಷ ಮೈಯೊಡ್ಡಿ ಬಂದ ಪಿಂಗಾಣಿ ಬಿಲ್ಲೆ ದಪ್ಪ ಗಾಜಿನಾಚೆ ಕೂತಿತ್ತು. ಅದನ್ನು ರೂಪಿಸಲು ಹತ್ತು ವರ್ಷ ತಲೆ ಕೆಡಿಸಿಕೊಂಡಿದ್ದ ನಾಗವೇಣಿ ಇಣುಕಿ ನೋಡಿದಳು. ಹಾಲಿನಂತಿದ್ದ ಬಿಲ್ಲೆ ಹಳದಿಯಾಗಿತ್ತು.

"ಅಳತೆ ಎಷ್ಟು ಬಂತು, ಕರಿಬಸಪ್ಪ?"

ಗಾಜಿನ ಈಚೆ ನಿಂತು ಯಂತ್ರದ ಕೈ ಆಡಿಸುತ್ತಿದ್ದ ಕರಿಬಸಪ್ಪ ತಲೆ ಕೆರೆದುಕೊಂಡ. ಯಂತ್ರದ ಹಿಡಿಕೆಯಲ್ಲಿ ನಿನ್ನೆಯ ಚೆಂಡುಹೂವಿನ ಹಾರ ಇನ್ನೂ ನೇತಾಡುತ್ತಿತ್ತು. "ಒಂಚೂರು ದಪ್ಪ ಆಗಿದೆ ಮೇಡಂ."

ಬಣ್ಣಗೆಟ್ಟಿದೆ, ಊದಿಕೊಂಡಿದೆ. ಅಂದರೆ ವಿಕಿರಣ ಒಳಗಿನ ಪರಮಾಣುಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿಬಿಟ್ಟಿದೆ. ಹೀಗೆ ಊದುವ ಬಿಲ್ಲೆಯನ್ನು ಯಾವ ರಿಯಾಕ್ಟರೂ ಹತ್ತಿರ ಸೇರಿಸುವುದಿಲ್ಲ. ನಾಗವೇಣಿ ಮೂಗೊರೆಸಿಕೊಳ್ಳುತ್ತ, ಯೋಜನೆ ಕೈಬಿಡುವುದಾಗಿ ಮುಖ್ಯಸ್ಥರಿಗೆ ಪತ್ರ ಬರೆದು ಸಹಿಯನ್ನೂ ಹಾಕಿದಳು. ಇನ್ನು ಉಳಿದದ್ದು ಸುರಕ್ಷತಾ ಫಾರಂನ ಒಂದೇ ಪ್ರಶ್ನೆ.

"ರಿಯಾಕ್ಟರಿಂದ ಬಂದ್ಮೇಲೆ ಇದನ್ನ ಯಾರಾದ್ರೂ ಕೈಯಲ್ಲಿ ಮುಟ್ಟಿದ್ರಾ?"

ಕರಿಬಸಪ್ಪ ಗಲ್ಲ ಗಲ್ಲ ಬಡಿದುಕೊಂಡ. "ಶಿವಶಿವಾ, ಎಲ್ಲಾದ್ರೂ ಉಂಟಾ ಮೇಡಂ! ನಿನ್ನೆ ಆಯುಧಪೂಜೇಲಿ ಈ ಬಿಲ್ಲೆಗೆ ಅರಿಶಿನ ಹಚ್ಚಿದ್ದೂ ಈ ಯಂತ್ರದ ಕೈಯಲ್ಲೇ!"