ಮೊದಲ ಸಾಲಿನ ಮನುಷ್ಯ

ಕೊಪ್ಪದಲ್ಲಿ ಕಂಡಿದ್ದ ಮುಖವೇ ಶೃಂಗೇರಿಯಲ್ಲೂ ಕಂಡಾಗ ಜಾದೂಗಾರ ಸೋಮನಾಥ್‌ನ ಬೆರಳಿನಿಂದ ಇಸ್ಪೀಟಿನ ಎಲೆ ಜಾರಿತು. ಅಷ್ಟು ವರ್ಷದ ಕಸುಬಿನಲ್ಲಿ ಹಾಗಾದದ್ದು ಅದೇ ಮೊದಲು. ಅದೇ ಖಾಕಿ ಜರ್ಕಿನ್, ಅದೇ ಮೊದಲ ಸಾಲು, ಅದೇ ಬಿಗಿದ ಮುಖ. ಸಭೆಯೆಲ್ಲ ಚಪ್ಪಾಳೆ ತಟ್ಟಿದರೂ ಆ ಮನುಷ್ಯನ ಕೈ ಮೇಲೇಳಲಿಲ್ಲ.

ಕಣ್ಣಿಗೆ ಮಣ್ಣೆರಚುವುದೇ ಕಸುಬಾದವನಿಗೆ ಎಲ್ಲರ ಕಣ್ಣಿನ ಮೇಲೂ ಅನುಮಾನ. ಅದಕ್ಕೆ ಕಾರಣವೂ ಇತ್ತು. ಹಿಂದಿನ ವರ್ಷ ಅವನ ಗೆಳೆಯನೊಬ್ಬನ ಆಟದ ಗುಟ್ಟನ್ನು ಯಾರೋ ಮೊಬೈಲಿನಲ್ಲಿ ಹಿಡಿದು ವಾಟ್ಸ್‌ಆ್ಯಪಿಗೆ ಬಿಟ್ಟಿದ್ದರು. ಆಮೇಲೆ ಒಂದು ಶಾಲೆಯವರೂ ಆ ಗೆಳೆಯನನ್ನು ಕರೆಯಲಿಲ್ಲ. ಈಗ ಅವನು ಬಸರೀಕಟ್ಟೆಯಲ್ಲಿ ಬಾಡಿಗೆ ಜೀಪು ಓಡಿಸುತ್ತಾನೆ.

ಸೋಮನಾಥ್‌ನ ಅನ್ನವೆಲ್ಲ ಇದ್ದದ್ದು ಒಂದು ಪೆಟ್ಟಿಗೆಯಲ್ಲಿ. ಸಹಾಯಕಿ ಸುಮಲತಾ ಅದರೊಳಗೆ ಇಳಿಯುತ್ತಾಳೆ, ಪೆಟ್ಟಿಗೆ ಖಾಲಿಯಾಗುತ್ತದೆ, ಮತ್ತೆ ಮುಚ್ಚಿ ತೆಗೆದರೆ ನಗುತ್ತಾ ಎದ್ದು ಬರುತ್ತಾಳೆ. ತಳದ ಕೆಳಗೆ ಇನ್ನೊಂದು ತಳವಿದೆ, ಅದರ ಅಗುಳಿ ಒಳಗಿನಿಂದ ಮಾತ್ರ ತೆಗೆಯಲು ಬರುತ್ತದೆ ಎಂಬುದು ಅವರಿಬ್ಬರಿಗೇ ಗೊತ್ತು. ಮನೆಯಲ್ಲಿ ಜಗಳವಾಡಿ ಬಂದು ನಾಟಕ, ಕುಣಿತ ಎಂದು ಅಲೆಯುತ್ತಿದ್ದ ಹುಡುಗಿಗೆ ಕೆಲಸ ಕೊಟ್ಟು, ಗುಟ್ಟನ್ನೂ ಕೊಟ್ಟವನು ಸೋಮನಾಥ್.

ಹರಿಹರಪುರದಲ್ಲಿ ಅವನು ಪರೀಕ್ಷೆಗೆಂದು ಪೆಟ್ಟಿಗೆಯ ಆಟವನ್ನು ಎಲ್ಲಕ್ಕಿಂತ ಮೊದಲು ಇಟ್ಟ. ಸುಮಲತಾ ಹೊರಬಂದು ಕೈಮುಗಿದಳು. ಖಾಕಿ ಜರ್ಕಿನ್ನಿನವನು ಎದ್ದು ಹೊರಟೇಬಿಟ್ಟ. ಪಾರಿವಾಳ, ಬೆಂಕಿ ಯಾವುದೂ ಅವನಿಗೆ ಬೇಡ. ಪೆಟ್ಟಿಗೆಯ ಗುಟ್ಟಿಗೇ ಬರುವ ಆಸಾಮಿ, ಇನ್ನು ಸಂಶಯವಿಲ್ಲ.

ಅದಕ್ಕಿಂತ ಹೆಚ್ಚಾಗಿ ಕೊರೆದದ್ದು ಸುಮಲತಾಳ ವರ್ತನೆ. ಈಚೆಗೆ ಅವಳು ಆಟಕ್ಕೆ ಮೊದಲು ಪರದೆ ಸರಿಸಿ ಸಭೆಯತ್ತ ಇಣುಕುತ್ತಿದ್ದಳು. ಪೆಟ್ಟಿಗೆಯಿಂದ ಎದ್ದವಳು ಬೇಕೆಂದೇ ತಡಮಾಡಿ ನಿಲ್ಲುತ್ತಿದ್ದಳು. ಆ ಜರ್ಕಿನ್ನಿನವನು ಯಾರು ಎಂದು ಕೇಳಿದರೆ, ಗೊತ್ತಿಲ್ಲ ಎಂದು ಬಣ್ಣದ ಡಬ್ಬಿ ಹುಡುಕತೊಡಗಿದಳು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ಸೋಮನಾಥ್‌ಗೆ ಹೊಟ್ಟೆ ಉರಿಯಿತು. ಮಗಳ ಹಾಗೆ ನೋಡಿಕೊಂಡದ್ದಕ್ಕೆ ಸಂಕಟವೂ ಆಯಿತು.

ನರಸಿಂಹರಾಜಪುರದ ಆಟಕ್ಕೆ ಅವನೊಂದು ಉಪಾಯ ಹೂಡಿದ. ಈ ಸಲ ಅವಳು ಮಾಯವಾಗುತ್ತಾಳೆ, ತಿರುಗಿ ಬರುವುದಿಲ್ಲ. ಖಾಲಿ ಪೆಟ್ಟಿಗೆ ತೋರಿಸಿ ಪರದೆ ಎಳೆಯುವುದು. ಎದ್ದು ಬರುವುದೇ ಇಲ್ಲದಿದ್ದರೆ ಆ ಆಸಾಮಿ ಕಂಡುಹಿಡಿಯುವುದಾದರೂ ಏನನ್ನು?

ಸುಮಲತಾಳ ಮುಖ ಸಣ್ಣದಾಯಿತು. "ಒಂದ್ಸಲ ಎದ್ದು ನಿಂತು ಹೋಗ್ತೀನಿ ಅಣ್ಣ. ಎದುರಿಗೆ ಕೂತೋರಿಗೆ ಕಾಣೋ ಹಾಗೆ."

"ಎದುರಿಗೆ ಕೂತೋರು ಅಂದ್ರೆ ಯಾರು?"

ಅವಳ ಕಣ್ಣು ಪರದೆಯತ್ತ ಹೋಯಿತು. ಅವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಇದೇ ನಿನ್ನ ಕೊನೆಯ ಆಟ, ನಾಳೆಯಿಂದ ಬರಬೇಡ ಎಂದುಬಿಟ್ಟ.

ಸಭಾಭವನ ತುಂಬಿತ್ತು. ಮೊದಲ ಸಾಲಿನಲ್ಲಿ ಆ ಮನುಷ್ಯ ಹಾಜರಿದ್ದ. ಸುಮಲತಾ ಪೆಟ್ಟಿಗೆಗೆ ಇಳಿದಳು. ಮುಚ್ಚಳ ಬಿತ್ತು. ತೆಗೆದಾಗ ಒಳಗೆ ಯಾರೂ ಇರಲಿಲ್ಲ. ಸೋಮನಾಥ್ ಸಭೆಗೆ ತಲೆಬಾಗಿ ಪರದೆಯ ಹಗ್ಗಕ್ಕೆ ಕೈ ಹಾಕಿದ.

ಅಷ್ಟರಲ್ಲಿ ಆ ಮನುಷ್ಯ ವೇದಿಕೆ ಹತ್ತಿಬಿಟ್ಟಿದ್ದ. ತಡೆಯಲು ಹೋದ ಸೋಮನಾಥ್‌ನನ್ನು ಪಕ್ಕಕ್ಕೆ ನೂಕಿ, ಖಾಲಿ ಪೆಟ್ಟಿಗೆಯ ಮೇಲೆ ಬಗ್ಗಿ ಎರಡೂ ಕೈಯಿಂದ ಬಡಿಯತೊಡಗಿದ. ಅವನ ಕೈಯಲ್ಲಿ ಮೊಬೈಲ್ ಇರಲಿಲ್ಲ. ಸಭೆಯಲ್ಲಿ ಮಾತ್ರ ಮೊಬೈಲುಗಳು ಒಂದೊಂದಾಗಿ ಮೇಲೆದ್ದವು.

"ಆಟ ಮುಗೀತಲ್ಲ ಮಾರಾಯ," ಅವನು ಅಳತೊಡಗಿದ್ದ, "ಆ ಹುಡ್ಗಿ ಎಲ್ಲಿ?"

ಬಡಿದುಕೊಳ್ಳಲಿ, ಅಗುಳಿ ಇರುವುದು ಒಳಗೆ ಎಂದು ಸೋಮನಾಥ್ ಧೈರ್ಯ ತಂದುಕೊಂಡ. ಮರುಕ್ಷಣವೇ ತುಂಬಿದ ಸಭೆಯ ಮುಂದೆ, ಅಷ್ಟು ಮೊಬೈಲುಗಳ ಮುಂದೆ, ಅಗುಳಿ ಸರಿದು ಗುಟ್ಟಿನ ತಳ ತಾನಾಗಿ ಮೇಲೆದ್ದಿತು.

"ಅಪ್ಪಾ, ಅಳ್ಬೇಡ. ಇಲ್ಲೇ ಇದೀನಿ."