ಬಲಗಾಲಿನ ಗೇರು

ಐವತ್ತು ವರ್ಷ ಹಳೆಯ ಇಟಲಿಯ ರೇಸ್ ಬೈಕು ಮನೆಗೆ ಬಂದ ದಿನವೇ ಗಂಡ ಹೇಳಿದ್ದ, “ಒರೆಸು ಸಾಕು, ಹತ್ತೋಕೆ ಹೋಗ್ಬೇಡ.” ಮೂರು ವರ್ಷದಿಂದ ಅವಳು ಒರೆಸುತ್ತಿದ್ದಳು. ಅವನು ಹತ್ತುತ್ತಿದ್ದುದು ಫೋಟೋ ತೆಗೆಸಿಕೊಳ್ಳುವುದಕ್ಕೆ.

ಈಗ ಹಳೆಯ ಬೈಕುಗಳ ಕ್ಲಬ್ಬಿನ ಹಿರಿಯರೊಬ್ಬರು ಸದಸ್ಯತ್ವದ ಖಾಲಿ ಅರ್ಜಿ ಹಿಡಿದು ಬಂದಿದ್ದರು. ಸ್ವತಃ ಓಡಿಸುವವರಿಗಷ್ಟೇ ಅಲ್ಲಿ ಸದಸ್ಯತ್ವ.

“ವಾರಾವಾರ ಓಡಿಸ್ತೀನಿ ಸರ್,” ಎಂದ ಗಂಡ.

“ಇದರ ಗೇರು ಈಗಿನ ಬೈಕುಗಳ ಹಾಗೆ ಎಡಗಾಲಿಗಲ್ಲ, ಬಲಗಾಲಿಗಲ್ವಾ? ಕಷ್ಟ ಆಗ್ಲಿಲ್ವಾ?”

“ಸುಲಿದ ಬಾಳೆಹಣ್ಣು ಸರ್! ಇವಳಿಗೆ ನೋಡಿ, ಸ್ಕೂಟರ್ ಕೂಡ ಬರಲ್ಲ.”

ಅವಳು ಕಾಫಿ ಕೊಟ್ಟಳು.

ಹಿರಿಯರು ಬಾಗಿಲಲ್ಲಿ ಬಿಟ್ಟಿದ್ದ ಬೂಟುಗಳತ್ತ ನೋಡಿದರು. ಗೇರು ಎತ್ತುವ ಕಾಲಿನ ಬೂಟಿನ ಮೇಲೆ ಕಪ್ಪು ಕಲೆ ಬಿದ್ದೇ ಬೀಳುತ್ತದೆ. ಬೈಕಿಗೆಂದೇ ಕೊಂಡ ಅವನ ಬೂಟುಗಳು ಎರಡೂ ಫಳಫಳ ಹೊಳೆಯುತ್ತಿದ್ದವು. ಪಕ್ಕದಲ್ಲಿದ್ದ ಅವಳ ಪುಟ್ಟ ಕ್ಯಾನ್ವಾಸ್ ಬೂಟುಗಳಲ್ಲಿ ಬಲಗಾಲಿನದಕ್ಕೆ ಮಾತ್ರ ಕಪ್ಪು ಕಲೆಯಿತ್ತು.

ಅವರು ಅರ್ಜಿಯ ಮೇಲೆ ಪೆನ್ನಿಟ್ಟು ಅವಳ ಕಡೆ ತಿರುಗಿದರು.

“ನಿಮ್ಮ ಹೆಸರೇನಮ್ಮಾ?”