ಎಡಗಡೆಯ ಖಾಲಿ ಕುರ್ಚಿ

ಐದನೇ ಕುರ್ಚಿಯವನು ಇನ್ನೂ ಬಂದಿರಲಿಲ್ಲ. ಇಸ್ಪೀಟಿನ ಎಲೆ ಹಂಚುವ ಆಲೆಶ್ ಅಲ್ಲಿಗೂ ಎರಡು ಎಲೆ ಎಸೆದ. ಆ ಕುರ್ಚಿಯ ಮುಂದಿದ್ದ ಬಿಲ್ಲೆಗಳ ರಾಶಿಯಿಂದ ಸರದಿಯ ಪಣವನ್ನು ತಾನೇ ತೆಗೆದು ಮುಂದೆ ಸರಿಸಿದ. ಕ್ಯಾಸಿನೊದ ನಿಯಮವೇ ಹಾಗೆ. ಆಳಿಲ್ಲದಿದ್ದರೂ ಕುರ್ಚಿ ಪಣ ಕಟ್ಟುತ್ತಲೇ ಇರಬೇಕು, ಬಿಲ್ಲೆ ಮುಗಿಯುವ ತನಕ.

ಉಳಿದವರೆಲ್ಲ ಎಲೆ ಬಿಟ್ಟಾಗಿತ್ತು. ನಾಲ್ಕನೇ ಕುರ್ಚಿಯ ಲೊವ್ರೊ ಪಣ ಏರಿಸಿದ. ಎದುರಿಸಬೇಕಾದವನೇ ಇಲ್ಲ. ಬಿಲ್ಲೆಗಳು ಅವನ ಕಡೆ ಬಂದವು.

"ಅದೃಷ್ಟ ಅಂದ್ರೆ ನಿಮ್ದು ಕಣ್ರೀ," ಎಂದಳು ಎದುರು ಕೂತಿದ್ದ ಬೇಕರಿಯ ಮಾರ್ಯೆತ. "ಪಕ್ಕದಲ್ಲೇ ಹಸು ಕಟ್ಟಿದ ಹಾಗಾಯ್ತು. ಕರೆದಷ್ಟೂ ಹಾಲು, ಒದೆಯೋದೂ ಇಲ್ಲ."

"ಎಲ್ಲಿ ಹೋದನೋ ಪುಣ್ಯಾತ್ಮ," ಎಂದ ಇನ್ನೊಬ್ಬ. "ಸತ್ತೇ ಹೋದನೋ ಏನೋ."

ಮೇಜೆಲ್ಲ ನಕ್ಕಿತು. ಲೊವ್ರೊ ನಗಲಿಲ್ಲ. ಆ ಪುಣ್ಯಾತ್ಮ ಎಲ್ಲಿದ್ದಾನೆಂದು ಅವನಿಗೆ ಗೊತ್ತಿತ್ತು. ಮೇಲೆ, ಎರಡನೇ ಮಹಡಿಯ ಕೋಣೆಯಲ್ಲಿ, ತಾವಿಬ್ಬರೂ ಸೇರಿ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಮಲಗಿದ್ದ.

ಅವನ ಹೆಸರು ವಿಂಕೊ. ಗೋರಿಚ್ಚಾ ಊರಿನ ಆಚೆಯ ರೈಲು ಹಳಿಯ ಮೇಲೆ, ಒಂದೇ ಸಿಗ್ನಲ್ ಮನೆಯಲ್ಲಿ, ಇಬ್ಬರೂ ಮೂವತ್ತು ವರ್ಷ ಪಾಳಿ ಮಾಡಿದವರು. ಒಬ್ಬ ಮಲಗಿದರೆ ಇನ್ನೊಬ್ಬ ಎಚ್ಚರ. ಹೊತ್ತಾದ ಕೂಡಲೇ ಭುಜ ಅಲುಗಿಸಿ ಎಬ್ಬಿಸುವುದು. ಅದೊಂದು ತಪ್ಪಿದರೆ ಎರಡು ರೈಲು ಮುಖಾಮುಖಿ. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಕ್ಯಾಸಿನೊದ ಪಡಸಾಲೆಯಲ್ಲಿ ಒಂದು ಗೋಡೆಯಿತ್ತು. ಪ್ರತಿ ವಸಂತದ ಪಂದ್ಯದಲ್ಲಿ ಕೊನೆಗೆ ಉಳಿದ ಒಂಬತ್ತು ಜನರ ಫೋಟೋ ಅಲ್ಲಿ ತೂಗುತ್ತಿತ್ತು. ವಿಂಕೊ ಅಲ್ಲಿ ಮೂರು ಸಲ ಇದ್ದ. ಲೊವ್ರೊ ಒಂದು ಸಲವೂ ಇಲ್ಲ. ಹನ್ನೊಂದು ವಸಂತ ಬಂದು ಹನ್ನೊಂದು ಸಲ ಬರಿಗೈ. ಈ ವರ್ಷವೂ ಹಾಗಾದರೆ ಎಲೆ ಮುಟ್ಟುವುದೇ ಇಲ್ಲವೆಂದು ಹೆಂಡತಿಯ ಮುಂದೆ ಆಣೆ ಹಾಕಿ ಬಂದಿದ್ದ.

ನಿನ್ನೆ ಸಂಜೆ ಕುರ್ಚಿಯ ಚೀಟಿ ಎತ್ತಿದಾಗ ವಿಂಕೊ ಗೊಳ್ಳೆಂದು ನಕ್ಕಿದ್ದ. "ನಿನ್ನ ಎಡಗಡೆಗೇ ಬಂದೆ ನೋಡೋ. ನಿನ್ನ ಮುಖ ನೋಡಿದ್ರೇ ಎಲೆ ಕಾಣ್ಸುತ್ತೆ ನಂಗೆ. ಮುಗೀತು ನಿನ್ನ ಕಥೆ." ಮಲಗುವಾಗ ಎಂದಿನಂತೆ ಹೇಳಿದ್ದ: "ಒಂಬತ್ತಕ್ಕೆ ಎಬ್ಬಿಸು."

ಬೆಳಿಗ್ಗೆ ಒಂಬತ್ತಕ್ಕೆ ಲೊವ್ರೊ ಅವನ ಭುಜದ ತನಕ ಕೈ ಚಾಚಿದ. ವಿಂಕೊ ಗೋಡೆಗೆ ಮುಖ ಮಾಡಿ ಸದ್ದಿಲ್ಲದೆ ಮಲಗಿದ್ದ. ಚಾಚಿದ ಕೈ ಹಾಗೇ ಹಿಂದೆ ಬಂತು. ಬೂಟು ಕೈಯಲ್ಲಿ ಹಿಡಿದು ಬಾಗಿಲ ಬಳಿ ಹೋಗುವಷ್ಟರಲ್ಲಿ ಹಿಂದಿನಿಂದ ಜೋರು ಗೊರಕೆ ಕೇಳಿಸಿತು. ನಿನ್ನೆಯ ವೈನು ಚೆನ್ನಾಗಿ ಏರಿದೆ ಎಂದುಕೊಂಡು ಲೊವ್ರೊ ನಿರಾಳವಾಗಿ ಬಾಗಿಲು ಎಳೆದುಕೊಂಡಿದ್ದ.

ಆ ನಿರಾಳ ಹನ್ನೆರಡು ಗಂಟೆಗೆ ಕರಗಿತು. ಹಳಿ ಸಣ್ಣಗೆ ಗುಂಯ್ ಎಂದರೂ ಎದ್ದು ಕೂರುವ ಮನುಷ್ಯ ವಿಂಕೊ. ಇಷ್ಟು ಹೊತ್ತು ಹೇಗೆ ಮಲಗುತ್ತಾನೆ? ಹೋದ ವರ್ಷದಿಂದ ಎದೆನೋವಿಗೆ ಮಾತ್ರೆ ನುಂಗುತ್ತಿದ್ದಾನೆ. ಆ ಗೊರಕೆ ಗೊರಕೆಯೇ ಆಗಿತ್ತೋ ಇಲ್ಲವೋ.

ಒಂದು ಗಂಟೆಗೆ ಊಟದ ಬಿಡುವು, ನಲವತ್ತು ನಿಮಿಷ. ಲೊವ್ರೊ ಲಿಫ್ಟಿನ ಮುಂದೆ ಹೋಗಿ ನಿಂತ. ಬಾಗಿಲು ತೆರೆಯಿತು. ಐದನೇ ಕುರ್ಚಿಯ ಮುಂದೆ ಇನ್ನೂ ಅರ್ಧ ರಾಶಿ ಇದೆ. ಹೋಗಿ ಅಲುಗಿಸಿದರೆ, ಅವನು ಕಣ್ಣುಜ್ಜಿಕೊಂಡು ಎದ್ದರೆ, ಕೆಳಗೆ ಬಂದು ಕೂತರೆ? ಲಿಫ್ಟಿನ ಬಾಗಿಲು ಮುಚ್ಚಿತು. ಲೊವ್ರೊ ಕ್ಯಾಂಟೀನಿಗೆ ಹೋಗಿ ಹುಳಿ ಬರಿಸಿದ ಕೋಸು ಮತ್ತು ಬೀನ್ಸ್ ಕಾಳಿನ ಸೂಪು ಕುಡಿದ. ಎರಡು ಸಲ ಬಡಿಸಿಕೊಂಡ. ಥೂ, ನಾನೊಂದು ಮನುಷ್ಯನಾ ಎಂದು ಅನ್ನಿಸಿದ್ದು ಆಮೇಲೆ, ತಟ್ಟೆ ಖಾಲಿಯಾದ ಮೇಲೆ.

ಮೂರು ಗಂಟೆಗೆ ಖಾಲಿ ಕುರ್ಚಿಯ ಕೊನೆಯ ಬಿಲ್ಲೆಯೂ ಹೋಯಿತು. ಅದನ್ನು ಗೆದ್ದವನೂ ಲೊವ್ರೊನೇ. ಆಲೆಶ್ ಕುರ್ಚಿಯನ್ನು ಎತ್ತಿ ಗೋಡೆಗೆ ಒರಗಿಸಿದ.

ಐದೂವರೆಗೆ ಹತ್ತು ಜನ ಉಳಿದಿದ್ದರು. ಹತ್ತನೆಯವಳಾಗಿ ಮಾರ್ಯೆತ ಹೊರಬಿದ್ದಳು, ಲೊವ್ರೊನ ಎರಡು ರಾಣಿಗಳ ಮುಂದೆ. ಎದ್ದು ಕೈ ಕುಲುಕಿದಳು. "ನಿಮ್ಮ ಹಸುವಿಗೆ ನನ್ನ ನಮಸ್ಕಾರ ಹೇಳಿ."

ಒಂಬತ್ತು ಜನ ಸಾಲಾಗಿ ನಿಂತರು. "ನಾಲ್ಕನೆಯವರೇ, ಸ್ವಲ್ಪ ನಗಿ," ಎಂದ ಫೋಟೋದವನು. ಲೊವ್ರೊ ಹಲ್ಲು ತೋರಿಸಿದ, ಅಷ್ಟೇ. ಹನ್ನೊಂದು ವರ್ಷ ಕಾದ ಗಳಿಗೆ ಅದು, ಮತ್ತು ಅವನಿಗೆ ಕಂಡದ್ದು ಗೋಡೆಗೆ ಮುಖ ಮಾಡಿ ಮಲಗಿದ್ದ ಒಂದು ಬೆನ್ನು. ಹತ್ತು ನಿಮಿಷದ ಬಿಡುವು ಸಿಕ್ಕಿದ್ದೇ ತಡ, ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಓಡಿದ.

ಹಾಸಿಗೆ ಖಾಲಿ. ಹೊದಿಕೆ ನೀಟಾಗಿ ಮಡಿಸಿತ್ತು.

ವಿಂಕೊ ಬಾಲ್ಕನಿಯಲ್ಲಿ ಕೂತಿದ್ದ. ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿದ್ದ.

"ಫೋಟೋ ಆಯ್ತೇನೋ?"

ಲೊವ್ರೊ ಬಾಲ್ಕನಿಯ ಬಾಗಿಲಲ್ಲೇ ನಿಂತ. ಮೆಟ್ಟಿಲ ಮೇಲೆ ಹೊಂದಿಸಿಕೊಂಡಿದ್ದ ಸುಳ್ಳು ಬಾಯಿಗೆ ಬಂತು. "ನಾನು ಎಬ್ಬಿಸ್ದೆ ಕಣೋ. ನೀನು ಗೊರಕೆ ಹೊಡೀತಾ..."

"ಮೂವತ್ತು ವರ್ಷ ಪಕ್ಕದಲ್ಲೇ ಮಲಗಿದ್ದೀನಿ. ನಾನು ಒಂದು ದಿನ ಗೊರಕೆ ಹೊಡೆದದ್ದು ಕೇಳಿದ್ದೀಯೇನೋ?" ವಿಂಕೊನ ದನಿಯಲ್ಲಿ ಕೋಪವಿರಲಿಲ್ಲ. "ನೀನು ಬೂಟು ಕೈಗೆ ತಗೊಂಡದ್ದು ಕೇಳಿಸ್ತು. ಪಾಪ, ಹೆದರ್ತಾ ಹೋಗೋದು ಬೇಡ ಅಂತ ಗೊರಕೆ ಹೊಡ್ದೆ. ನಂಗೆ ಇರೋ ಮೂರು ಫೋಟೋ ಸಾಕು."

ಲೊವ್ರೊ ತಲೆ ತಗ್ಗಿಸಿದ. ಆಗ ಕಂಡಿತು ಪುಟ್ಟ ಮೇಜಿನ ಮೇಲಿನ ಊಟ. ಒಂದು ತಟ್ಟೆ ಬರಿದಾಗಿತ್ತು. ಇನ್ನೊಂದರ ಮೇಲೆ ಮುಚ್ಚಳವಿತ್ತು, ಪಕ್ಕದಲ್ಲಿ ಮುಟ್ಟದ ಚಮಚ.

"ಅದು ನಿಂದೇ," ಎಂದ ವಿಂಕೊ. "ಊಟದ ಬಿಡುವಿಗಾದ್ರೂ, ಬದುಕಿದ್ದಾನಾ ಅಂತ ಒಂದ್ಸಲ ಬಂದು ನೋಡ್ತೀಯ ಅಂದ್ಕೊಂಡಿದ್ದೆ."